ಇನ್ನೂ ಎರಡು ಸುತ್ತು

"ಇನ್ನೂ ಎರಡು ಸುತ್ತು," ಎಂದ ಭಾವ, ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತ. "ಕೋಚ್ ಹೇಳಿದ್ದು. ನಂದೇನಿಲ್ಲ."

ಕೋಚ್ ಹೇಳಿದ್ದು ಅದಲ್ಲ. ಬಗ್ಗಿ ಏದುಸಿರು ಬಿಡುತ್ತಿದ್ದ ಅವಳ ಕಿವಿಗೆ ಸರಿಯಾಗಿಯೇ ಬಿದ್ದಿತ್ತು: "ಬಾಸ್ತಾ ಪೊರ್ ಓಯ್. ದೆಸ್ಕಾನ್ಸಾ." ಇವತ್ತಿಗೆ ಸಾಕು, ಸುಧಾರಿಸಿಕೋ.

ಆ ಕೋಚ್‌ಗೆ ಸ್ಪ್ಯಾನಿಷ್ ಬಿಟ್ಟು ಬೇರೆ ಮಾತು ಬಾರದು. ಮೈದಾನದಲ್ಲಿ ಸ್ಪ್ಯಾನಿಷ್ ಬಲ್ಲವನು ಅಕ್ಕನ ಗಂಡನೊಬ್ಬನೇ. ಹಾಗಾಗಿ ಅವನು ಆಡಿದ್ದೇ ಆಟ. ರಿಲೇ ತಂಡದಲ್ಲಿ ಉಳಿದಿದ್ದು ಒಂದು ಜಾಗ, ಶನಿವಾರದ ಓಟ ಗೆದ್ದವಳಿಗೆ. ಓಡುವವರು ಇಬ್ಬರು: ಇವಳು, ಮತ್ತು ಭಾವನ ಒಡಹುಟ್ಟಿದ ತಂಗಿ. ಆ ಮಹಾರಾಯ್ತಿ ಆಗಲೇ ಸ್ನಾನ ಮುಗಿಸಿ, ಬೆಂಚಿನ ಮೇಲೆ ಕಾಲು ಚಾಚಿ ಕಿತ್ತಳೆ ಸುಲಿಯುತ್ತಿದ್ದಳು.

ಇವಳ ಎಡ ಮಂಡಿ ನೋಯತೊಡಗಿ ಹತ್ತು ದಿನ. "ಕೋಚ್‌ಗೆ ಹೇಳಿ ಭಾವ" ಎಂದು ದಿನಾ ಗೋಗರೆದಿದ್ದಳು. ಅವನು ಉದ್ದಕ್ಕೆ ಏನೋ ಹೇಳುತ್ತಿದ್ದ, ಕೋಚ್ ನಕ್ಕು ಇವಳ ಬೆನ್ನು ತಟ್ಟುತ್ತಿದ್ದರು. ನೋವು ಅಂದರೆ ನಗುವವರುಂಟೆ? ಅಲ್ಲಿಂದಲೇ ಅನುಮಾನ. ಇಯರ್‌ಫೋನ್ ಸಿಕ್ಕಿಸಿಕೊಂಡು, ಪಾತ್ರೆ ಉಜ್ಜುತ್ತ, ಬಟ್ಟೆ ಮಡಚುತ್ತ ಆಟಗಾರರ ಸ್ಪ್ಯಾನಿಷ್ ಕಲಿತಳು. ಓಡು, ನಿಲ್ಲು, ಇನ್ನೊಮ್ಮೆ, ನೀರು, ನೋವು. ಬರೆದಿಟ್ಟ ನೋಟ್‌ಬುಕ್ ನಿನ್ನೆ ಭಾವನ ಕಣ್ಣಿಗೆ ಬಿತ್ತು. "ಓಡೋಕೆ ಬೇಕಾಗಿರೋದು ಕಾಲು, ನಾಲಗೆ ಅಲ್ಲ" ಎಂದು ಕಸದ ಬುಟ್ಟಿಗೆ ಎಸೆದ. ಅಕ್ಕ ನೋಡಿಯೂ ನೋಡದಂತೆ ಅನ್ನ ಬಸಿದಳು. ಅದೇ ಹೆಚ್ಚು ಉರಿಸಿತು.

"ಏನ್ ನಿಂತಿದೀಯ? ಕಿವಿ ಕೇಳಿಸಲ್ವಾ?"

"ಚೆನ್ನಾಗೇ ಕೇಳಿಸ್ತು ಭಾವ."

ಕುಂಟುತ್ತ ಅವನನ್ನು ದಾಟಿ, ಚೀಲ ಹೆಗಲಿಗೇರಿಸುತ್ತಿದ್ದ ಕೋಚ್ ಮುಂದೆ ನಿಂತಳು. "ಮೆ ದುವೆಲೆ ಲಾ ರೊದಿಯಾ." ನನ್ನ ಮಂಡಿ ನೋಯುತ್ತಿದೆ. ಹತ್ತು ಬೆರಳು ಎತ್ತಿದಳು. "ದಿಯೆಸ್ ದಿಯಾಸ್."

ಕೋಚ್ ಕೈಯಿಂದ ಚೀಲ ಅಲ್ಲೇ ಬಿತ್ತು. ಮಂಡಿಯೂರಿ ಕೂತು ಒತ್ತಿ ನೋಡಿದರು. ಅವಳು ಚೀರಿದಳು. ಕೋಚ್ ತಲೆಯೆತ್ತಿ ಭಾವನಿಗೆ ಏನೋ ಕೇಳಿದರು, ದನಿಯಲ್ಲಿ ಕೆಂಡ. ಭಾವನ ಮುಖ ಬಿಳಿಚಿತು. ಇವಳ ಕಿವಿಯ ಹತ್ತಿರ ಬಾಗಿ, "ಮನೆ ಮರ್ಯಾದೆ ಕಳೀಬೇಡ. ನಿಮ್ಮಕ್ಕನ ಮುಖ ನೋಡ್ಕೊಂಡಾದ್ರೂ ಏನೂ ಇಲ್ಲ ಅಂದ್ಬಿಡು" ಎಂದ.

"ಏನೂ ಇಲ್ಲ ಅನ್ನೋದನ್ನ ಇನ್ನೂ ಕಲ್ತಿಲ್ಲ ಭಾವ. ನೋಟ್‌ಬುಕ್ ಕಸಕ್ಕೆ ಹೋಯ್ತಲ್ಲ."

"ಸಾಬಾದೊ, ನೊ," ಎಂದರು ಕೋಚ್. ಶನಿವಾರ ಬೇಡ. ಮುಂದೆಯೂ ಏನೇನೋ ಹೇಳಿದರು, ತಿಳಿಯಲಿಲ್ಲ. ಓಟ ಮುಂದಕ್ಕೆ ಹೋಯಿತೋ, ತನ್ನ ಪಾಲಿಗೆ ಮುಗಿದೇ ಹೋಯಿತೋ? ಕೇಳೋಣವೆಂದರೆ ಇದ್ದವನು ಭಾವನೊಬ್ಬನೇ. ಕೇಳಲಿಲ್ಲ.

"ಯೆಲೊ!" ಕೋಚ್ ಭಾವನತ್ತ ಕೈ ಬೀಸಿದರು. ಅವನು ಕಂಬದ ಹಾಗೆ ನಿಂತೇ ಇದ್ದ.

"ಐಸ್ ತರ್ಬೇಕಂತೆ, ಭಾವ," ಎಂದಳು.

ಐಸ್ ಇದ್ದಿದ್ದು ಮೈದಾನದ ಆಚೆ ತುದಿಯ ಕೋಣೆಯಲ್ಲಿ. ಅವನು ಕಾಲೆಳೆಯುತ್ತ ಹೊರಟ.

"ಕೊರ್ರೆ!" ಎಂದು ಕೋಚ್ ಕೂಗಿದರು. ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಬೆಂಚಿನ ಮೇಲಿದ್ದ ತಂಗಿಯ ಮುಂದೆಯೇ ಭಾವ ಓಡಿದ, ಎದೆಯ ಮೇಲೆ ಸೀಟಿ ಕುಣಿಯುತ್ತಿತ್ತು.