ಕೊರಳ ಭಾರ

ಬಂಗಾರಿ ಗಂಡನ ಮುಖ ನೋಡಿ ಮಾತಾಡಿ ಎರಡು ಮಳೆಗಾಲ ಕಳೆದಿತ್ತು. ಮುನಿಸಲ್ಲ, ನಾಚಿಕೆಯೂ ಅಲ್ಲ, ಕತ್ತು ಮೇಲೇಳುತ್ತಿರಲಿಲ್ಲ. ಗಂಡ ಚೌಡ ಕೇರಿಗೆಲ್ಲ ಉದ್ದದ ಆಳು. ಅವಳು ಅವನ ಎದೆಗೆ ಮಾತಾಡುವಳು, ಅವನು ಅವಳ ನೆತ್ತಿಗೆ ಉತ್ತರ ಕೊಡುವನು. ಹೊಳೆಯಾಚೆಯ ಆ ಕೇರಿಯಲ್ಲಿ ಇದನ್ನು ನೋಡಿ ನಗದವರಿಲ್ಲ. ನಕ್ಕವರಿಗೆ ಕುತ್ತಿಗೆ ನೋವು ಬಂದಿರಲಿಲ್ಲ, ಅಷ್ಟೆ.

ನೋವು ಕತ್ತಿನ ಬುಡದಲ್ಲಿ ಹುಟ್ಟಿ, ಹೆಗಲಿಗೆ ಹಬ್ಬಿ, ಎಡಗೈಯ ಬೆರಳಿಗೆ ಇಳಿಯುತ್ತಿತ್ತು. ಜೋಮು ಹಿಡಿದ ಕೈಯಿಂದ ಕುಡುಗೋಲು ಜಾರಿ ಬೀಳುತ್ತಿತ್ತು. ಲಕ್ಕಿಸೊಪ್ಪಿನ ಕಾವು ಕೊಟ್ಟದ್ದಾಯಿತು, ಎಣ್ಣೆ ತಿಕ್ಕಿದ್ದಾಯಿತು, ಬರೆ ಹಾಕಿಸಿದ್ದೂ ಆಯಿತು. ಬರೆಯ ಗಾಯ ಮಾಯಿತು, ನೋವು ಹಾಗೇ ಉಳಿಯಿತು. ಕೊನೆಗೆ ಚೌಡ ಅವಳನ್ನು ದೋಣಿ ದಾಟಿಸಿ, ಹೊನ್ನಾವರದಲ್ಲಿ ಬಸ್ಸು ಹತ್ತಿಸಿ, ಕುಮಟೆಯ ಡಾಕ್ಟರರ ಹತ್ತಿರ ಕರೆದುಕೊಂಡು ಹೋದ.

ಡಾಕ್ಟರು ಕತ್ತನ್ನು ಒತ್ತಿ ನೋಡಿದರು, ಬೆರಳಿಗೆ ಸೂಜಿ ತಾಗಿಸಿ ನೋಡಿದರು. ಆಮೇಲೆ ಅವರ ಕಣ್ಣು ಅವಳ ಕೊರಳಿನ ಮೇಲೆ ನಿಂತಿತು. ಆ ಕೇರಿಯ ಹಾಲಕ್ಕಿ ಹೆಂಗಸರೆಲ್ಲರ ಹಾಗೆ ಬಂಗಾರಿಯೂ ಗಲ್ಲದ ಬುಡದಿಂದ ಎದೆಯ ತನಕ ಮಣಿಸರ ಹೇರಿಕೊಂಡಿದ್ದಳು. ಕಪ್ಪು, ಹಳದಿ, ಕೆಂಪು, ಸರದ ಮೇಲೆ ಸರ.

"ಕುತ್ತಿಗೆ ಒಳಗೂ ಒಂದು ಸರ ಇದೆ ತಂಗಿ, ಎಲುಬಿಂದು" ಎಂದರು ಡಾಕ್ಟರು. "ಮೇಲಿಂದ ತರಕಾರಿ ಬುಟ್ಟಿ ಒತ್ತತದೆ, ಮುಂದಿಂದ ಈ ಮಣಿ ಜಗ್ಗತದೆ. ನಡುವೆ ನರ ಸಿಕ್ಕಂಡಿದೆ. ಮಾತ್ರೆ ಕೊಡ್ತೆ. ಆದ್ರೆ ಮಾತ್ರೆ ತಿಂದ್ರೆ ಭಾರ ಇಳಿಯೂದಿಲ್ಲ. ತಲೆ ಮೇಲೆ ಹೊರೂದು ಬಿಡು. ಬಿಸಿ ಉಪ್ಪಿನ ಗಂಟು ಇಡು. ನೋವು ಇಳಿದ ಮೇಲೆ ಕುತ್ತಿಗೆ ಮೆಲ್ಲ ಆಚೆ ಈಚೆ ತಿರುಗ್ಸು. ಮತ್ತೆ, ಈ ಸರ ಎಲ್ಲ ತೆಗೆದಿಡು."

ಬಂಗಾರಿ ದಡಕ್ಕನೆ ಎದ್ದು ನಿಂತಳು. "ನನ್ ಗಂಡ ಹೊರಗೇ ನಿಂತಾನೆ, ಒಡ್ಯ!"

ಅವಳ ಮಾತು ಡಾಕ್ಟರಿಗೆ ಅರ್ಥವಾಗಲಿಲ್ಲ, ಬಾಗಿಲಲ್ಲಿದ್ದ ಚೌಡನಿಗೆ ಆಯಿತು. ಅವರಲ್ಲಿ ಮಣಿ ಇಳಿಸುವುದು ಗಂಡ ಸತ್ತ ದಿನ. ಇಳಿಸುವವರು ಕೇರಿಯ ಹೆಂಗಸರು.

ಮನೆಗೆ ಬಂದು ಸುದ್ದಿ ಹೇಳಿದಾಗ ಅತ್ತೆ ಹನುಮಕ್ಕ ಒಲೆಯ ಮುಂದಿನಿಂದ ಎದ್ದೇ ಬಂದಳು. "ಮಗ ಗಟ್ಟಿ ಇರೂವಾಗ ಸೊಸೆ ಬೋಳು ಕುತ್ತಿಗೇಲಿ ತಿರಗೂದ? ಆ ಡಾಕ್ಟ್ರಿಗೆ ಅಬ್ಬೆ ಇಲ್ಲ್ಯ?"

ಚೌಡ ಹೆಂಡತಿಯನ್ನು ಜಗಲಿಯಲ್ಲಿ ಕೂರಿಸಿ ಅವಳ ಹಿಂದೆ ಕೂತ. "ಸತ್ತವನ ಹೆಂಡ್ತಿದು ಬೇರೆಯವ್ರು ತೆಗಿತ್ರು. ಇವಳದು ನಾನೇ ತೆಗಿತೆ. ಬದ್ಕಿದ್ದೇ ತೆಗಿತೆ" ಎಂದ. ಒಂದೊಂದೇ ಸರ ಬಿಚ್ಚಿ ಮಡಿಕೆಗೆ ಹಾಕಿದ. ಬಂಗಾರಿ ಕಣ್ಣು ಮುಚ್ಚಿ ಕೂತಿದ್ದಳು. ಕೊನೆಯ ಒಂದು ಎಳೆ ಕರಿಮಣಿಗೆ ಅವಳು ಕೈ ಅಡ್ಡ ಹಿಡಿದಳು. ಅದನ್ನು ಅವನು ಬಿಟ್ಟ. ಹನುಮಕ್ಕ ಮಡಿಕೆಯನ್ನು ಅಟ್ಟಕ್ಕೆ ಏರಿಸಿ, ಅಂದಿನಿಂದ ಸೊಸೆಯ ಜೊತೆ ಮಾತು ಬಿಟ್ಟಳು.

ಇನ್ನು ಬುಟ್ಟಿ ಹೊರುವವರು ಯಾರು? ಚೌಡನೇ ಹೊತ್ತ. ಹರಿವೆ, ಬಸಳೆ, ಮೂಲಂಗಿ ಹೊತ್ತು ದೋಣಿ ದಾಟಿ, ಹೊನ್ನಾವರದ ಪೇಟೆಯಲ್ಲಿ ಹೆಂಗಸರ ಸಾಲಿನಲ್ಲಿ ಕೂತ. "ಏ ಚೌಡಕ್ಕ, ಹರ್ಗಿ ಸೊಪ್ ಕಟ್ಟಿಗೆಷ್ಟೆ?" ಎಂದು ಅವರು ಕಾಡಿದರೆ ಅವರ ದನಿಯಲ್ಲೇ ಬೆಲೆ ಹೇಳುತ್ತಿದ್ದ. ಸಂಜೆ ಮನೆಗೆ ಬಂದು ಅದನ್ನೆಲ್ಲ ಆಡಿ ತೋರಿಸುತ್ತಿದ್ದ. ಗಂಡಸಿನ ಮಾನ ಬುಟ್ಟಿಯಲ್ಲಿ ಇರುತ್ತದೆಯೆಂದು ನಂಬಿದವರು ಕೇರಿಯಲ್ಲಿ ಬಹಳ ಜನ ಇದ್ದರು. ಅವನು ಆ ಪೈಕಿಯವನಲ್ಲ.

ನೋವು ಒಂದೇ ಸಲಕ್ಕೆ ಹೋಗಲಿಲ್ಲ. ಬಿಸಿ ಉಪ್ಪಿನ ಗಂಟಿಗೆ ತುಸು ಸಡಿಲಾಯಿತು. ಬೆರಳಿನ ಜೋಮು ಬಿಟ್ಟಿತು, ಮತ್ತೆ ಬಂತು, ಮತ್ತೆ ಬಿಟ್ಟಿತು. ಚಳಿ ಮುಗಿಯುವಾಗ ಒಂದು ದಿನ ಅಂಗಳದಲ್ಲಿ ಅವನ ಜೊತೆ ಮಾತಾಡುತ್ತಿದ್ದವಳು ತನಗೇ ತಿಳಿಯದೆ ತಲೆಯೆತ್ತಿದಳು.

"ಎಂತ ನೋಡ್ತೆ?" ಎಂದ ಚೌಡ.

"ಮೀಸೆ ನರೆತ್ ಹೋಗ್ಯದೆ."

"ನೀ ನೋಡ್ದೆ ಇದ್ರೆ ಅದ್ಕೂ ಬೇಜಾರ್ ಆಗೂದಿಲ್ಲ್ಯ?"

ಇಬ್ಬರೂ ನಕ್ಕರು. ಮದುವೆಯಾದ ಹೊಸತರಲ್ಲೂ ಅವಳು ಅಷ್ಟು ನಕ್ಕಿರಲಿಲ್ಲ.

ಮಳೆ ಹಿಡಿಯುವ ಮೊದಲಿನ ಗಾಳಿ ಎದ್ದ ಬೆಳಿಗ್ಗೆ ಚೌಡ ಬುಟ್ಟಿ ಹೊತ್ತು ದೋಣಿಯ ಕಡವಿಗೆ ಹೋದ. ದೋಣಿ ತುಂಬ ಜನ, ಬುಟ್ಟಿ, ಕೋಳಿ. ಹೊಳೆಯಲ್ಲಿ ಕಡಲಿನ ಇಳಿತವಿತ್ತು. ಕಡಲು ಸೇರುವ ಅಳಿವೆಯ ಕಡೆ ಸೆಳೆದುಹೋದ ದೋಣಿ ಗಾಳಿಗೆ ಅಡ್ಡ ಸಿಕ್ಕಿ ಮಗುಚಿತು. ಈಜಿದವರು ಈಜಿದರು. ಚೌಡನೂ ಈಜಬಲ್ಲವನೇ, ಆದರೆ ಮುದುಕಿಯೊಬ್ಬಳು ಅವನನ್ನು ತಬ್ಬಿ ಹಿಡಿದಿದ್ದಳು, ಅವನು ಬಿಡಿಸಿಕೊಳ್ಳಲಿಲ್ಲವಂತೆ. ಮಾವಿನಕುರ್ವೆಯ ಮೀನುಗಾರರು ಇಬ್ಬರನ್ನೂ ಬಲೆಯಲ್ಲಿ ಸುತ್ತಿ ತಂದರು.

ಹೆಣ ಅಂಗಳಕ್ಕೆ ಬರುವ ಮೊದಲೇ ಮಾತು ಬಂತು: "ಗಂಡ ಇರೂವಾಗ್ಲೇ ಮಣಿ ಇಳ್ಸಿದವ್ಳು." ಮಣಿಯ ಸಂಗತಿ ದೋಣಿಗೆ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಗಾಳಿ, ಇಳಿತ, ಭಾರ. ಆದರೆ ಅದನ್ನು ಹೇಳುವ ಬಾಯಿ ಅಲ್ಲಿ ಒಂದೂ ಇರಲಿಲ್ಲ. ಬಂಗಾರಿಯ ಎದೆ ಬೇರೆಯೇ ಮಾತಿಗೆ ಒಡೆಯುತ್ತಿತ್ತು. ಆ ಬುಟ್ಟಿ ತನ್ನದು. ಆ ದೋಣಿಯಲ್ಲಿ ಕೂರಬೇಕಾದವಳು ತಾನು. ತನ್ನ ಕತ್ತು ನೆಟ್ಟಗಾಯಿತು, ಅವನು ಹೋದ.

ಕೇರಿಯ ಹಿರಿಯಳು ಸುಕ್ರಿ ಅವಳ ಮುಂದೆ ಕೂತು ಉಳಿದ ಒಂದೆಳೆ ಕರಿಮಣಿಗೆ ಕೈ ಹಾಕಿದಳು. ಬಂಗಾರಿ ಆ ಕೈ ಹಿಡಿದಳು.

"ಅಟ್ಟದ್ ಮೇಲಿನ ಮಡ್ಕೆ ತನ್ನಿ. ಅವ ತೆಗ್ದದ್ದೆಲ್ಲ ಹಾಕಿ. ಆಮೇಲೆ ತೆಗೀರಿ."

"ತಲೆ ಕೆಟ್ಟದೆ ಇದ್ಕೆ" ಎಂದರು ಯಾರೋ.

"ಒಂದೆಳೆ ಹೆಂಡ್ತಿ ಅಲ್ಲ ನಾನು! ತುಂಬ್ ಕೊರಳಲ್ಲಿ ಬಂದವ್ಳು ಅವನ್ ಮನಿಗೆ. ಅಷ್ಟೂ ತೆಗೀರಿ."

ಯಾರೂ ಏಳಲಿಲ್ಲ. ಮಗನ ಕಾಲ ಬಳಿ ಕೂತಿದ್ದ ಹನುಮಕ್ಕ ಎದ್ದಳು. ಮಡಿಕೆ ಇಳಿಸಿ ತಂದು ಸೊಸೆಯ ಹಿಂದೆ, ಅಂದು ಮಗ ಕೂತ ಜಾಗದಲ್ಲೇ ಕೂತಳು. ಒಂದು ಸರ ಹಾಕಿದಳು, ಇನ್ನೊಂದು ಹಾಕಿದಳು. ಕೊರಳು ತುಂಬುತ್ತ ಬಂದಂತೆ ಬಂಗಾರಿಯ ತಲೆ ಮೆಲ್ಲಗೆ ಮುಂದಕ್ಕೆ ಬಾಗಿತು. ಅಷ್ಟು ತಿಂಗಳು ಮಾತು ಬಿಟ್ಟಿದ್ದ ಮುದುಕಿ ಕೈ ತಡೆದು ಸೊಸೆಯ ಕತ್ತಿನ ಬುಡ ಮುಟ್ಟಿದಳು.

"ನೋಯ್ತದ್ಯ ಮಗ?"

"ನೋಯ್ತದೆ ಅತ್ತೆ. ಹಾಕು."