ಒಗೆಯುವ ಕೋಣೆಯ ಗೋಡೆ

ಹೆರ್ನೋಸಾಂಡ್ ಊರಿನ ಆ ನಾಲ್ಕು ಮಹಡಿಯ ಕಟ್ಟಡದಲ್ಲಿ ಒಬ್ಬರು ಇನ್ನೊಬ್ಬರನ್ನು ಬಾಯಿಬಿಟ್ಟು ಬೈದದ್ದನ್ನು ಯಾರೂ ಕೇಳಿಲ್ಲ. ಬೈಗುಳವೆಲ್ಲ ನೆಲಮಾಳಿಗೆಯಲ್ಲಿರುತ್ತಿತ್ತು. ಎಲ್ಲರೂ ಸರದಿಯ ಮೇಲೆ ಬಟ್ಟೆ ಒಗೆಯುವ ಕೋಣೆಯ ಗೋಡೆಗೆ, ಚೀಟಿಯಲ್ಲಿ ಬರೆದು, ಹೆಸರು ಹಾಕದೆ ಅಂಟಿಸುತ್ತಿದ್ದರು. ಮೆಟ್ಟಿಲಲ್ಲಿ ಎದುರಾದಾಗ ಮಾತ್ರ ಹಾಲು ಕುಡಿದ ಮಕ್ಕಳ ಹಾಗೆ ನಗುವವರೇ ಎಲ್ಲ.

ಅಬ್ರೆಹೆತ್ ಮೂರನೇ ಮಹಡಿಗೆ ಬಂದದ್ದು ಸೆಪ್ಟೆಂಬರಿನಲ್ಲಿ, ಬರ್ಚ್ ಮರಗಳು ಹಳದಿಗೆ ತಿರುಗಿದಾಗ. ಎರಿಟ್ರಿಯಾದ ಹೆಂಗಸು. ವೃದ್ಧಾಶ್ರಮದಲ್ಲಿ ಮುದುಕರಿಗೆ ಮೀಯಿಸಿ ಉಣ್ಣಿಸುವ ಕೆಲಸ. ಅವಳಿಗೆ ಬಾಡಿಗೆಗೆ ಕೊಟ್ಟ ಮನೆಯ ಮಾಲೀಕ ಪಕ್ಕದ ದೇಶ ನಾರ್ವೆಯಲ್ಲಿದ್ದ. ಅವನು ಬೇರೆಯವರನ್ನು ಬಾಡಿಗೆಗೆ ಇರಿಸಬೇಕಾದರೆ ಕಟ್ಟಡದ ಸಂಘ ವರ್ಷಕ್ಕೊಮ್ಮೆ ಒಪ್ಪಿಗೆ ಕೊಡಬೇಕು. ಆ ಒಪ್ಪಿಗೆಯ ಮೇಲೆಯೇ ಅವಳ ಜೀವ ನಿಂತಿತ್ತು. ಒಂಬತ್ತು ವರ್ಷದ ಮಗಳು ಫೆವೆನ್ ಕಂಪಾಲಾದಲ್ಲಿ ಚಿಕ್ಕಮ್ಮನ ಜೊತೆಗಿದ್ದಳು. ತಾಯಿಗೆ ನೆಟ್ಟಗಿನ ಮನೆಯಿದೆ ಎಂದು ಕಾಗದ ತೋರಿಸಿದರೆ ಮಾತ್ರ ಮಗಳಿಗೆ ಬರಲು ಪರವಾನಗಿ. ಆ ಮಗು ತಾಯಿಯನ್ನು ನೋಡಿ ನಾಲ್ಕು ವರ್ಷವಾಗಿತ್ತು.

ಎರಡನೇ ವಾರದಲ್ಲೇ ಮೊದಲ ಚೀಟಿ ಬಂತು. ಅದನ್ನು ಓದಲು ಬಾರದೆ ಅಬ್ರೆಹೆತ್ ಕಿತ್ತುಕೊಂಡು ಹೋಗಿ ಕೆಳಮನೆಯ ಇಂಗೆಗರ್ಡ್‌ಗೆ ತೋರಿಸಿದಳು. ಎಪ್ಪತ್ತಾರು ವರ್ಷದ ಇಂಗೆಗರ್ಡ್ ನಿವೃತ್ತ ಶಾಲಾ ಮಾಸ್ತರಿಣಿ. ಹೊಸಬಳನ್ನು ನಿಲ್ಲಿಸಿ ಹೆಸರು ಕೇಳಿದವಳು ಆ ಕಟ್ಟಡದಲ್ಲಿ ಅವಳೊಬ್ಬಳೇ. ಕನ್ನಡಕ ಏರಿಸಿ ನಿಧಾನವಾಗಿ ಓದಿ ಹೇಳಿದಳು: ಒಣಗಿಸುವ ಯಂತ್ರದ ಜಾಲರಿಯಲ್ಲಿ ಉಳಿದ ನೂಲಿನ ಜುಂಗು ತಾನಾಗಿ ಎದ್ದು ನಡೆದು ಹೋಗುವುದಿಲ್ಲ, ಮಂಗಳವಾರ ಒಗೆದವರು ದಯವಿಟ್ಟು ಗಮನಿಸಿ.

"ಯಾರೋ ಕೆಲಸ ಇಲ್ದೋರು ಬರ್ದಿರೋದು. ನೀನು ಮನಸ್ಸಿಗೆ ಹಚ್ಕೋಬೇಡ," ಎಂದು ನಕ್ಕಳು. ಆಮೇಲೆ ಅವಳೇ ನೆಲಮಾಳಿಗೆಗೆ ಬಂದು ಜಾಲರಿ ತೆಗೆಯುವ ಬಗೆ ತೋರಿಸಿದಳು. ಮನೆಯ ಸಂಖ್ಯೆಯಿದ್ದ ಪುಟ್ಟ ಬೀಗವನ್ನು ಗೋಡೆಯ ಹಲಗೆಯಲ್ಲಿ ಬೇಕಾದ ದಿನದ ತೂತಿಗೆ ಸಿಕ್ಕಿಸಿದರೆ ಆ ಹೊತ್ತು ನಮ್ಮದು, ಅರ್ಧ ಗಂಟೆ ತಡವಾದರೆ ಅದು ಯಾರದಾದರೂ ಆಗಬಹುದು ಎಂದಳು.

ಅಲ್ಲಿಂದ ಪ್ರತಿ ಗುರುವಾರ ಮಧ್ಯಾಹ್ನ ಇಂಗೆಗರ್ಡ್‌ಳ ಮನೆಯಲ್ಲಿ ಕಾಫಿ, ಜೊತೆಗೆ ಅಲ್ಲಿಯ ಭಾಷೆ ಓದಿ ಬರೆಯುವ ಪಾಠ. ಆ ದೇಶದಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುವುದು. ಆದರೆ ತಲೆ ನರೆತವಳನ್ನು ಹಾಗೆ ಕರೆಯಲು ಅಬ್ರೆಹೆತ್‌ಗೆ ನಾಲಿಗೆ ಏಳಲಿಲ್ಲ. ಅಮ್ಮಾ ಎಂದಳು. ಇಂಗೆಗರ್ಡ್ ಬೇಡವೆನ್ನಲಿಲ್ಲ.

ನವೆಂಬರಿನಲ್ಲಿ ಮಧ್ಯಾಹ್ನ ಮೂರು ಗಂಟೆಗೇ ದೀಪ ಹಚ್ಚಬೇಕಾಯಿತು. ಕತ್ತಲಲ್ಲಿ ಕಾರಿನವರಿಗೆ ಕಾಣಲೆಂದು ಇಂಗೆಗರ್ಡ್ ಅಬ್ರೆಹೆತ್‌ಳ ಕೋಟಿಗೆ ಹೊಳೆಯುವ ಬಿಲ್ಲೆ ತೂಗುಹಾಕಿದಳು, ಫೆವೆನ್‌ಳ ಅಳತೆ ಕೇಳಿ ಕೆಂಪು ಉಣ್ಣೆಯ ಅಂಗಿ ಹೆಣೆಯಲು ಕೂತಳು. ನಡುನಡುವೆ ಚೀಟಿಗಳು ಬರುತ್ತಲೇ ಇದ್ದವು: ಮೆಟ್ಟಿಲಲ್ಲಿ ಮಸಾಲೆ ವಾಸನೆ, ಹೊಸ್ತಿಲ ಹೊರಗೆ ಬಿಟ್ಟ ಬೂಟು. ಒಂದೊಂದನ್ನೂ ಅಬ್ರೆಹೆತ್ ಕೆಳಗೊಯ್ಯುವಳು, ಮುದುಕಿ ಓದುವಳು, ಇಬ್ಬರೂ ತಲೆ ಅಲ್ಲಾಡಿಸುವರು. ಅಬ್ರೆಹೆತ್‌ಗೆ ಎಷ್ಟೋ ದಿನಗಳ ಮೇಲೆ ತನ್ನವರು ಅನ್ನುವವರು ಸಿಕ್ಕಿದ್ದರು.

ಫೆಬ್ರವರಿಯಲ್ಲಿ ಚಿಕ್ಕಪ್ಪನ ಮಗ ಹೆಗಲಿಗೆ ಚೀಲ ಹಾಕಿಕೊಂಡು ಬಂದು ನಿಂತ. ರಕ್ತ ಸಂಬಂಧಿ ಬಾಗಿಲಿಗೆ ಬಂದರೆ ಎಷ್ಟು ದಿನ ಇರ್ತೀಯ ಎಂದು ಕೇಳುವುದುಂಟೇ? ಹಾಸಲು ಇಂಗೆಗರ್ಡ್ ತನ್ನ ಉಗ್ರಾಣದಿಂದ ನೀಲಿ ಪಟ್ಟೆಯ ಹಾಸಿಗೆಯನ್ನೇ ಕೊಟ್ಟಳು. ಹತ್ತು ರಾತ್ರಿ ಮೀರಿ ಹೊರಗಿನವರು ಯಾರೂ ತಂಗಬಾರದೆಂದು ಸಂಘದ ಕಾಗದದಲ್ಲಿತ್ತು. ಅಬ್ರೆಹೆತ್ ಅದನ್ನು ಮರೆತಿರಲಿಲ್ಲ. ಆದರೆ ಅವನು ಹೊರಡುವ ದಿನ ಹಿಮ ಬಿದ್ದು ರೈಲು ನಿಂತು ಹನ್ನೊಂದನೇ ರಾತ್ರಿಯಾಯಿತು. ಗುರುವಾರ ಕಾಫಿ ಕುಡಿಯುತ್ತ ಅವಳು ಇದನ್ನೂ ಹೇಳಿಕೊಂಡು ನಕ್ಕಿದ್ದಳು.

ಏಪ್ರಿಲಿನಲ್ಲಿ ಹಿಮ ಕರಗಿತು. ಎಲ್ಲ ಮನೆಯವರೂ ಅಂಗಳಕ್ಕಿಳಿದು, ಚಳಿಗಾಲದಲ್ಲಿ ಜಾರದಂತೆ ಚೆಲ್ಲಿದ್ದ ಜಲ್ಲಿಯನ್ನು ಗುಡಿಸಿ, ಸಾಸೇಜ್ ಸುಟ್ಟು ತಿಂದರು. ಎಲ್ಲರಿಗಿಂತ ಹೆಚ್ಚು ಗುಡಿಸಿದವಳು ಅಬ್ರೆಹೆತ್. ಸಂಘದ ಅಧ್ಯಕ್ಷ ಲೆನ್ನಾರ್ಟ್ ಬೆನ್ನು ತಟ್ಟಿ ಹೊಗಳಿದ. ಮರುವಾರ ಅವನದೇ ಸಹಿಯ ಕಾಗದ ಬಂತು: ದೂರುಗಳಿರುವ ಕಾರಣ ಒಪ್ಪಿಗೆ ಮುಂದುವರಿಯುವುದಿಲ್ಲ, ಜೂನ್ ಕೊನೆಗೆ ಮನೆ ಖಾಲಿಯಾಗಬೇಕು.

ಈ ಕಾಗದ ಓದಲು ಅವಳಿಗೆ ಯಾರೂ ಬೇಕಾಗಲಿಲ್ಲ; ಇಂಗೆಗರ್ಡ್ ಅಷ್ಟು ಚೆನ್ನಾಗಿ ಕಲಿಸಿದ್ದಳು. ಲೆನ್ನಾರ್ಟ್‌ನ ಮನೆಗೆ ಓಡಿದಳು. ಅವನು ಕೂರಿಸಿ, ಬೇಸರವಾಯಿತೆಂದು ಹೇಳಿ, ಮುಚ್ಚುಮರೆಯೇನಿಲ್ಲ ಎಂದು ದೂರುಗಳ ಕಡತವನ್ನೇ ಮುಂದಿಟ್ಟ. ಗೋಡೆಯ ಚೀಟಿಗೆ ಹೆಸರು ಬೇಡ, ಆದರೆ ಸಂಘಕ್ಕೆ ಬರೆದದ್ದಕ್ಕೆ ಬೇಕು. ನಾಲ್ಕು ಕಾಗದ, ಮುತ್ತು ಪೋಣಿಸಿದಂಥ ಅಕ್ಷರ. ನಾಲ್ಕರ ಕೆಳಗೂ ಇಂಗೆಗರ್ಡ್. ಕೊನೆಯದರಲ್ಲಿ ಹನ್ನೊಂದು ರಾತ್ರಿಗಳ ತಾರೀಕು, ನೆಲದ ಮೇಲೆ ಹೆಚ್ಚುವರಿ ಹಾಸಿಗೆ, ನೀಲಿ ಪಟ್ಟೆಯದು.

ಅವಳು ನೇರ ಕೆಳಮನೆಗೆ ಹೋಗಿ ಬಾಗಿಲು ತಟ್ಟಿದಳು. ಇಂಗೆಗರ್ಡ್ ಬಾಗಿಲು ತೆಗೆದು, ಇವತ್ತು ಗುರುವಾರವಲ್ಲವಲ್ಲ ಎಂದಳು.

"ಆ ಹಾಸಿಗೆ ಕೊಟ್ಟೋರು ನೀವೇ ಅಲ್ವಾ ಅಮ್ಮಾ?"

ಮುದುಕಿ ತಡಬಡಾಯಿಸಲಿಲ್ಲ, ಮುಖ ಕೆಂಪಾಗಲೂ ಇಲ್ಲ. "ಹೌದು. ಪಾಪ, ಬರೀ ನೆಲದ ಮೇಲೆ ಮಲಗ್ತಾನಲ್ಲ ಅಂತ ಕೊಟ್ಟೆ."

"ರೈಲು ನಿಂತಿತ್ತು ಅಂತ ಹೇಳಿದ್ದೆ."

"ಹೇಳಿದ್ದೆ. ಅದನ್ನೂ ಬರ್ದಿದೀನಿ, ಕೊನೇ ಸಾಲು ನೋಡು. ಅನ್ಯಾಯ ಆಗ್ಬಾರ್ದು."

ಗೋಡೆಯ ಚೀಟಿಗಳೂ ನಿಮ್ಮವೇ ಏನು ಎಂದು ಅಬ್ರೆಹೆತ್ ಕೇಳಿದಳು. ಇಂಗೆಗರ್ಡ್ ಸ್ವಲ್ಪ ಯೋಚಿಸಿ, ಕೆಲವು ಮಾತ್ರ, ಎಲ್ಲ ಅಲ್ಲ ಎಂದಳು.

"ನನ್ನ ಎದುರಿಗೇ ಓದಿ ನಗ್ತಿದ್ರಲ್ಲ. ಒಂದ್ಸಲ, ಒಂದೇ ಒಂದ್ಸಲ ನಂಗೆ ಹೇಳ್ಬಾರ್ದಿತ್ತಾ?"

"ಮುಖಕ್ಕೆ ಹೊಡೆದ ಹಾಗೆ ಹೇಗೆ ಹೇಳ್ಲಿ? ನಿಂಗೆ ನೋವಾಗ್ತಿತ್ತು." ಮುದುಕಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ಅದು ಕಟ್ಟಡದ ವಿಷಯ. ಇದು ನಮ್ಮಿಬ್ರ ಕಾಫಿ. ಎರಡನ್ನೂ ಯಾಕೆ ಬೆರೆಸ್ತೀಯ?" ಒಳಗೆ ಹೋಗಿ ಕೆಂಪು ಅಂಗಿ ತಂದಳು. ತೋಳು ಮುಗಿದು ಗುಂಡಿ ಹಚ್ಚಿಯಾಗಿತ್ತು. ಅದನ್ನು ಅವಳ ಕೈಯಲ್ಲಿಟ್ಟಳು. ಹಗೆಯಿಂದ ಮಾಡಿದ್ದರೆ ಅಬ್ರೆಹೆತ್ ತಿರುಗಿ ಬೈಯಬಹುದಿತ್ತು. ಇಷ್ಟು ದಿನ ಪ್ರೀತಿಯಿಂದ ಕಾಫಿ ಬಗ್ಗಿಸಿದ ಕೈಯೇ ತನ್ನ ಮಗಳ ದಾರಿಗೆ ಕಲ್ಲು ಹಾಕಿತ್ತು, ಆ ಕೈಗೆ ಅದು ಗೊತ್ತೂ ಇರಲಿಲ್ಲ. ಅಂಗಿ ಹಿಡಿದುಕೊಂಡೇ ಅವಳು ಮನೆಗೆ ಹಿಂತಿರುಗಿದಳು.

ಬೇರೆ ಮನೆ ಸಿಗಲಿಲ್ಲ. ಮೇ ತಿಂಗಳಿಡೀ ಅಲೆದು, ಕೊನೆಗೆ ಸಹೋದ್ಯೋಗಿಯ ಮನೆಯಲ್ಲಿ ಒಂದು ಕೋಣೆ ಗೊತ್ತಾಯಿತು. ಆ ಕೋಣೆ ಪರವಾನಗಿಯ ಲೆಕ್ಕಕ್ಕಿಲ್ಲ. ನೀನು ಬರುವಂತಿಲ್ಲ ಎಂದು ಫೋನಿನಲ್ಲಿ ಹೇಳಿದಾಗ ಫೆವೆನ್ ಅಳಲಿಲ್ಲ, ಸರಿ ಎಂದಳು. ಅಷ್ಟು ಬೇಗ ಸರಿ ಎಂದದ್ದೇ ತಾಯಿಗೆ ಅಳುವಿಗಿಂತ ಹೆಚ್ಚಾಯಿತು.

ಮಧ್ಯಬೇಸಿಗೆ ಹಬ್ಬದ ಮುನ್ನಾದಿನ, ಕಟ್ಟಡದವರೆಲ್ಲ ಹೂವಿನ ಕಂಬದ ಸುತ್ತ ಕುಣಿಯಲು ಹೋಗಿದ್ದಾಗ, ಅಬ್ರೆಹೆತ್ ಕೊನೆಯ ಸರದಿ ಹಿಡಿದಳು. ನೀಲಿ ಪಟ್ಟೆಯ ಹಾಸಿಗೆಯ ಹೊದಿಕೆ ಬಿಚ್ಚಿ ಒಗೆದು, ಒಣಗಿಸಿ, ಮಡಿಸಿ ಮೇಜಿನ ಮೇಲಿಟ್ಟಳು. ಅದರ ಮೇಲೆ ಕೆಂಪು ಅಂಗಿ ಇಟ್ಟಳು. ಜಾಲರಿ ತೆಗೆದು ಜುಂಗು ಒಂದೆಳೆಯೂ ಉಳಿಯದಂತೆ ಒರೆಸಿದಳು. ಆಮೇಲೆ ಕೂತು, ಇಂಗೆಗರ್ಡ್ ಕಲಿಸಿದ ಭಾಷೆಯಲ್ಲಿ ಒಂದು ಚೀಟಿ ಬರೆದು ಗೋಡೆಗೆ ಅಂಟಿಸಿದಳು.

"ಇಂಗೆಗರ್ಡ್, ನಿನ್ನ ಹಾಸಿಗೆಯ ಹೊದಿಕೆ ಒಗೆದಿದ್ದೇನೆ. ಜಾಲರಿ ಸ್ವಚ್ಛ ಮಾಡಿದ್ದೇನೆ. ನನ್ನ ಮಗಳು ಬರುವುದಿಲ್ಲ. ಅಬ್ರೆಹೆತ್, ಮೂರನೇ ಮಹಡಿ."

ಅಮ್ಮಾ ಎನ್ನದೆ ಅವಳನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಆ ಗೋಡೆಯೂ ಬರೆದವರ ಹೆಸರು ಕಂಡದ್ದು ಅದೇ ಮೊದಲು. ಅಬ್ರೆಹೆತ್ ಹಲಗೆಯಿಂದ ತನ್ನ ಪುಟ್ಟ ಬೀಗವನ್ನು ಕಿತ್ತು, ದೀಪ ಆರಿಸಿ, ಮೆಟ್ಟಿಲು ಹತ್ತಿದಳು.