ಸಿಯಾಟಲ್‌ನ ತಡೆಯಾಜ್ಞೆ

ಸೂಟ್‌ಕೇಸಿನ ಒಂದು ಚಕ್ರ ಹೊಸ್ತಿಲಿಗೆ ಸಿಕ್ಕಿಕೊಂಡಿತು. ಝುಲೈಖ ಅದನ್ನು ಮೊಣಕಾಲಿನಿಂದ ನೂಕಿ ಒಳಗೆ ತಂದು, ಅಶ್ಮಿತಾಳ ಮೇಜಿನ ಮುಂದೆ ನಿಲ್ಲಿಸಿ ಉಸಿರು ಬಿಟ್ಟರು.

"ಯಲ್ಲಾ ಬಿಂತಿ, ಬೇಗ ನನ್ನ ಟಿಕೆಟ್ ಕೊಡು. ದಾರಿ ತೆರೆಯಿತು."

ಸೂಟ್‌ಕೇಸಿನಿಂದ ಹುರಿದ ಮೆಂತೆಯ ವಾಸನೆ ಬಂತು. ಅಶ್ಮಿತಾಳ ಬೆರಳುಗಳು ಕೀಬೋರ್ಡಿನ ಮೇಲೆ ಹಾಗೇ ನಿಂತವು.

ಬರ್ ದುಬೈಯ ಆ ಹಳೆಯ ಕಟ್ಟಡದಲ್ಲಿ ಕೆಳಗೆ ಅಶ್ಮಿತಾ ಕೆಲಸ ಮಾಡುವ ಪಾಯ್ಸರ ಟ್ರಾವೆಲ್ಸ್, ಮೇಲೆ ಝುಲೈಖರ ಮೆಹಂದಿ ಅಂಗಡಿ. ಝುಲೈಖ ಸುಡಾನಿನವರು. ಇಡೀ ಕಟ್ಟಡಕ್ಕೆ ಅವರು ಖಾಲಾ, ಚಿಕ್ಕಮ್ಮ; ಅವರಿಗೆ ಕಟ್ಟಡದ ಹುಡುಗಿಯರೆಲ್ಲ ಬಿಂತಿ, ಮಗಳು. ಅಶ್ಮಿತಾಳಿಗೆ ಹೆರಿಗೆಯಾದಾಗ ಊರಿನಿಂದ ಬರಬೇಕಿದ್ದ ಅಮ್ಮನ ವೀಸಾ ಸಮಯಕ್ಕೆ ಆಗಲಿಲ್ಲ. ಆಗ ದಿನಾ ಬೆಳಿಗ್ಗೆ ಮುಚ್ಚಿದ ಪಾತ್ರೆಯಲ್ಲಿ ಮೆಂತೆಗಂಜಿ ತಂದು, ಕುಡಿದು ಮುಗಿಯುವ ತನಕ ಎದುರಲ್ಲೇ ಕೂತಿದ್ದವರು ಈ ಖಾಲಾ. ಮೆಂತೆಗಂಜಿ ತನ್ನ ಊರು ಕಾರ್ಕಳದಲ್ಲಿ ಮಾತ್ರ ಎಂದುಕೊಂಡಿದ್ದ ಅಶ್ಮಿತಾಳಿಗೆ, ಸುಡಾನಿನ ಖಾರ್ಟೂಮಿನ ಬಾಣಂತಿಯರೂ ಅದನ್ನೇ ಮುಖ ಸಿಂಡರಿಸಿ ಕುಡಿಯುತ್ತಾರೆಂದು ತಿಳಿದದ್ದು ಆವಾಗ.

ಈಗ ಖಾಲಾನ ಮಗಳು ವಾಷಿಂಗ್ಟನ್ ಹತ್ತಿರ ದಿನ ತುಂಬಿ ಕೂತಿದ್ದಳು. ಚೊಚ್ಚಲು. ವೀಸಾ ಸಿಕ್ಕಿತ್ತು, ಇವತ್ತಿನ ವಿಮಾನಕ್ಕೆ ಟಿಕೆಟ್ ಆಗಿತ್ತು. ಹೋದ ವಾರ ಅಮೆರಿಕದ ಹೊಸ ಅಧ್ಯಕ್ಷರ ಆದೇಶ ಬಂತು: ಏಳು ದೇಶದವರಿಗೆ ಪ್ರವೇಶವಿಲ್ಲ. ಏಳರಲ್ಲಿ ಸುಡಾನ್ ಒಂದು.

"ಖಾಲಾ, ಕೂತುಕೊಳ್ಳಿ," ಎಂದಳು ಅಶ್ಮಿತಾ. "ಟಿಕೆಟ್ ಇಲ್ಲ. ಭಾನುವಾರವೇ ನಾನು ಕ್ಯಾನ್ಸಲ್ ಮಾಡಿದೆ."

ಝುಲೈಖ ಕೂರಲಿಲ್ಲ. "ಯಾರು ಹೇಳಿದರು?"

ಯಾರೂ ಹೇಳಿರಲಿಲ್ಲ. ದುಬೈಗೆ ಬಂದ ಮೇಲೆ ಅವಳ ಕೈಗೆ ಆ ಅಭ್ಯಾಸವಾಗಿತ್ತು. ಮೇಲಿನಿಂದ ಆದೇಶ ಬಂತೆಂದರೆ ಖಲಾಸ್. ಯಾಕೆ ಎಂದು ಕೇಳುತ್ತ ಕೂತವರು ವಿಮಾನವನ್ನೂ ಕಳೆದುಕೊಳ್ಳುತ್ತಾರೆ, ರೀಫಂಡನ್ನೂ. ಹಾಗಾಗಿ ಸುದ್ದಿ ಓದಿ ಮುಗಿಯುವ ಮೊದಲೇ ಸೀಟು ಬಿಟ್ಟುಕೊಟ್ಟಿದ್ದಳು, ಉಪಕಾರ ಮಾಡಿದೆ ಎಂದೇ ತಿಳಿದು.

"ಅಲ್ಲಿ ಯಾವನೋ ಜಡ್ಜ್, ನನ್ನ ಮುಖ ನೋಡದವನು, ತಡಿ ತಡಿ ಎಂದು ಅಧ್ಯಕ್ಷನಿಗೇ ಹೇಳಿದ," ಎಂದರು ಝುಲೈಖ ತಮ್ಮ ದುಬೈ ಹಿಂದಿಯಲ್ಲಿ. "ನೀನು ನನ್ನ ಗಂಜಿ ಕುಡಿದವಳು. ನನ್ನನ್ನು ಒಂದು ಮಾತು ಕೇಳಬಹುದಿತ್ತು."

ಅಶ್ಮಿತಾ ತಲೆ ತಗ್ಗಿಸಿದಳು. ಗೋಡೆಯ ಟಿವಿಯಲ್ಲಿ ಅದೇ ಸುದ್ದಿ ಓಡುತ್ತಿತ್ತು: ಸಿಯಾಟಲ್ ಎಂಬ ಊರಿನ ನ್ಯಾಯಾಧೀಶರೊಬ್ಬರು ಇಡೀ ದೇಶಕ್ಕೆ ಅನ್ವಯವಾಗುವಂತೆ ಆ ಆದೇಶಕ್ಕೆ ತಡೆ ಕೊಟ್ಟಿದ್ದರು.

ಗಾಜಿನ ಕೋಣೆಯಿಂದ ಪಾಯ್ಸ್ ಚಹಾದ ಕಪ್ ಹಿಡಿದುಕೊಂಡೇ ಹೊರಗೆ ಬಂದರು.

"ಎಂತ ಮಾರಾಯ್ತಿ, ಬುಕ್ ಮಾಡ್ಲಿಕ್ಕೆ ಹೊರಟಿಯಾ? ನಮ್ಮ ಅಪ್ಪನ ಜಾಗದ ಗಡಿ ತಕರಾರು ಮಂಗಳೂರು ಕೋರ್ಟಲ್ಲಿ ಇನ್ನೂ ಉಂಟು. ಅಪ್ಪ ತೀರಿಹೋದ್ರು. ಅಲ್ಲಿ ಆ ಜಡ್ಜ್ ಒಂದು ವಾರದಲ್ಲಿ ಪ್ರೆಸಿಡೆಂಟನ್ನೇ ನಿಲ್ಲಿಸಿದ್ನಂತೆ! ಸಂಜೆಯೊಳಗೆ ಜಡ್ಜನ ಕುರ್ಚಿ ಹೋಗ್ತದೆ, ನೋಡು."

"ಇವತ್ತಿನ ಫ್ಲೈಟಲ್ಲಿ ಒಂದೇ ಸೀಟ್ ಉಂಟು ಸರ್."

"ಸೀಟ್ ಇದ್ರೆ ಆಯ್ತಾ? ಆ ಹೆಂಗಸನ್ನು ಏರ್‌ಪೋರ್ಟ್ ಕೌಂಟರಿಂದ ವಾಪಸ್ ಕಳಿಸಿದ್ರೆ? ಎಲ್ಲರೆದುರು? ಮೊನ್ನೆ ನಾವು ಟಿಕೆಟ್ ಮಾಡಿಕೊಟ್ಟ ಆ ಇರಾನಿ ಹುಡುಗನಿಗೆ ಆದ ಹಾಗೆ?"

ಪಾಯ್ಸ್ ಕೆಟ್ಟವರಲ್ಲ. ಹೆದರಿಕೆಯನ್ನು ಬುದ್ಧಿವಂತಿಕೆಯ ಹಾಗೆ ಮಾತಾಡಿ ಅಭ್ಯಾಸವಾಗಿತ್ತು, ಅಷ್ಟೆ. ಅಶ್ಮಿತಾ ಈ ಸಲ ಝುಲೈಖರ ಕಡೆ ತಿರುಗಿದಳು.

"ಖಾಲಾ, ಅಲ್ಲಿ ಬಾಗಿಲು ಮತ್ತೆ ಮುಚ್ಚಬಹುದು. ವಿಮಾನ ಹಾರುತ್ತಿರುವಾಗಲೇ ಮುಚ್ಚಬಹುದು. ಹೋಗ್ತೀರಾ?"

"ಈಗ ಕೇಳಿದೆ ನೋಡು," ಎಂದರು ಝುಲೈಖ. ಆಮೇಲೆ ಕೂತರು. "ಹೋಗ್ತೇನೆ."

ಅವಳು ಟಿಕೆಟ್ ಮಾಡಿದಳು.

ಸಂಜೆ ಅಶ್ಮಿತಾಳೂ ಜೊತೆಗೆ ಏರ್‌ಪೋರ್ಟಿಗೆ ಹೋದಳು. ಟ್ಯಾಕ್ಸಿಯಲ್ಲಿ ಝುಲೈಖ ಮಗಳು ಕಳಿಸಿದ ವಿಡಿಯೋಗಳನ್ನು ಒಂದೊಂದಾಗಿ ತೋರಿಸಿದರು. ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಜನ ರಟ್ಟಿನ ಫಲಕ ಹಿಡಿದು ಕೂಗುತ್ತಿದ್ದರು. ಕೋಟು ಹಾಕಿದ ವಕೀಲರು ಪ್ಲಗ್ಗಿನ ಪಕ್ಕ ನೆಲದಲ್ಲೇ ಕೂತು ತಡೆದಿಟ್ಟ ಪ್ರಯಾಣಿಕರ ಪರವಾಗಿ ಅರ್ಜಿ ಬರೆಯುತ್ತಿದ್ದರು, ಊರಿನ ಬಸ್ಸು ತಪ್ಪಿದವರ ಹಾಗೆ.

"ಇವರ ಮನೆಯವರು ಯಾರಾದರೂ ಸಿಕ್ಕಿಬಿದ್ದಿದ್ದಾರಾ?" ಎಂದಳು ಅಶ್ಮಿತಾ.

"ಇಲ್ಲವಂತೆ. ನಾನೂ ಅದನ್ನೇ ಕೇಳಿದೆ."

ಕೌಂಟರಿನ ಸಾಲಿನಲ್ಲಿರುವಾಗ ಪಾಯ್ಸರ ಫೋನ್ ಬಂತು. "ನ್ಯೂಸ್ ನೋಡಿದಿಯಾ? ಪ್ರೆಸಿಡೆಂಟ್ ಟ್ವಿಟರಲ್ಲಿ ಆ ಜಡ್ಜನಿಗೆ ಬೈದಿದ್ದಾನೆ. ನಾನು ಹೇಳ್ಲಿಲ್ವಾ?"

"ಬೈದದ್ದು ಮಾತ್ರವಾ ಸರ್? ತೆಗೆದು ಹಾಕ್ಲಿಲ್ವಾ?"

"ತೆಗೀಲಿಕ್ಕೆ ಆಗುದಿಲ್ಲ ಅಂತೆ."

"ಹಾಗಾದ್ರೆ ಬೈಲಿ."

ಕೌಂಟರಿನ ಹುಡುಗಿ ಸುಡಾನಿನ ಪಾಸ್‌ಪೋರ್ಟ್ ನೋಡಿದಳು, ಪರದೆ ನೋಡಿದಳು, ಮತ್ತೆ ಪಾಸ್‌ಪೋರ್ಟ್ ನೋಡಿದಳು. ಒಳಗಿನಿಂದ ಸೂಪರ್‌ವೈಸರ್ ಬಂದ. ಅವನು ಫೋನ್ ಕಿವಿಗೆ ಸಿಕ್ಕಿಸಿಕೊಂಡು ಅಮೆರಿಕದ ಯಾರಿಗೋ ವೀಸಾದ ಅಂಕೆಗಳನ್ನು ಓದಿ ಹೇಳತೊಡಗಿದ. ಹಿಂದಿನ ಸಾಲಿನಲ್ಲಿ ಒಬ್ಬ ಗಡಿಯಾರ ನೋಡಿ ನಾಲಗೆ ಲೊಚಗುಟ್ಟಿದ. ಝುಲೈಖ ಅಶ್ಮಿತಾಳ ಮಣಿಕಟ್ಟು ಹಿಡಿದುಕೊಂಡಿದ್ದರು. ದಶಕಗಳ ಮೆಹಂದಿಯಿಂದ ಕಂದಿಹೋದ ಆ ಬೆರಳತುದಿಗಳು ತಣ್ಣಗಿದ್ದವು.

"ಬಿಂತಿ, ಕಳಿಸದಿದ್ದರೆ ಮೆಂತೆ ನೀನು ಇಟ್ಟುಕೋ."

"ನನಗೆ ಬೇಡ ಖಾಲಾ. ಒಂದು ಬಾಣಂತನದಲ್ಲಿ ಕುಡಿದದ್ದೇ ಈ ಜನ್ಮಕ್ಕೆ ಸಾಕು."

ಝುಲೈಖರಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಅದೇ ಹೊತ್ತಿಗೆ ಸೂಪರ್‌ವೈಸರ್ ಫೋನ್ ಇಟ್ಟ. ಕೌಂಟರಿನ ಕೆಳಗೆ ಯಂತ್ರ ಕಿರ್ ಎಂದು ಬೋರ್ಡಿಂಗ್ ಪಾಸ್ ಉಗುಳಿತು. ಹುಡುಗಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟು, "ಪ್ರಯಾಣ ಸುಖವಾಗಲಿ, ಅಮ್ಮಾ," ಎಂದು ಅರಬಿಯಲ್ಲಿ ಹೇಳಿದಳು.

ಅಲ್ಲಿಂದ ಮುಂದೆ ಝುಲೈಖರ ಸುದ್ದಿ ಇರಲಿಲ್ಲ. ಮರುದಿನ ಆಫೀಸಿನಲ್ಲಿ ಅಶ್ಮಿತಾ ಮೆಕ್ಕಾದ ಉಮ್ರಾ ಯಾತ್ರೆಗೆ ಹೋಗುವವರಿಗೆ ಕೊಚ್ಚಿಯ ಟಿಕೆಟ್ ತೆಗೆದು ಬೈಸಿಕೊಂಡಳು. ಟಿವಿಯಲ್ಲಿ ಅಮೆರಿಕದ ಸರ್ಕಾರ ಮೇಲಿನ ಕೋರ್ಟಿಗೆ ಹೋದ ಸುದ್ದಿ. ಪಾಯ್ಸ್ ಆ ದಿನ ಟಿವಿಯ ಎದುರು ಕುರ್ಚಿ ಎಳೆದುಕೊಂಡು ಕೂತಿದ್ದರು. ಚಹಾ ತಣ್ಣಗಾಗಿತ್ತು.

ಫೋನ್ ಗುಂಯ್‌ಗುಟ್ಟಿತು. ಝುಲೈಖರ ಅಳಿಯನ ನಂಬರಿನಿಂದ ಒಂದು ಫೋಟೋ. ಕೆಳಗೆ ಫೋಟೋದಲ್ಲಿದ್ದ ಹುಡುಗಿಯ ಬಗ್ಗೆ ನಾಲ್ಕು ಮಾತು, ಕೊನೆಗೆ ಒಂದು ಸಾಲು: ಖಾಲಾ ಹೊರಗೆ ಬಂದರು, ಮಗು ಇನ್ನೂ ಒಳಗಿದೆ, ಕಾಯುತ್ತಿದೆ.

ಅಶ್ಮಿತಾ ಫೋನನ್ನು ಪಾಯ್ಸರ ಕೈಗೆ ಕೊಟ್ಟಳು.

"ಈ ಹುಡುಗಿ ಯಾರು?"

"ಲಾಯರ್ ಅಂತೆ ಸರ್. ನಮ್ಮವರು ಹೊರಗೆ ಬರುವ ತನಕ ಅಲ್ಲೇ ಕೂತಿದ್ಳಂತೆ."

"ಫೀಸ್ ಎಷ್ಟಂತೆ?"

"ತಗೊಳ್ಳಲಿಲ್ವಂತೆ."

ಪಾಯ್ಸ್ ಕನ್ನಡಕ ಹಣೆಗೇರಿಸಿ, ಎರಡು ಬೆರಳಿನಿಂದ ಫೋಟೋ ದೊಡ್ಡದು ಮಾಡಿದರು. ವಾಷಿಂಗ್ಟನ್ನಿನ ವಿಮಾನ ನಿಲ್ದಾಣದ ನೆಲದಲ್ಲಿ, ಕಾಲು ಮಡಚಿ ಕೂತ ಹುಡುಗಿ. ತೊಡೆಯ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಖಾಲಿ ಕಾಫಿ ಲೋಟ. ಬಲಗೈ ಮುಂದಿನವರ ಅರ್ಜಿ ಟೈಪ್ ಮಾಡುತ್ತಿತ್ತು. ಎಡಗೈಯನ್ನು ಎಲ್ಲಿಗೂ ತಾಗಿಸದೆ ಗಾಳಿಯಲ್ಲಿ ಎತ್ತಿ ಹಿಡಿದಿದ್ದಳು. ಅಂಗೈ ತುಂಬ ಝುಲೈಖ ಬಿಡಿಸಿದ ಬಳ್ಳಿ, ಎಲೆ, ಹೂವು; ಇನ್ನೂ ಒಣಗದ ಹಸಿ ಮೆಹಂದಿ.